ದಾರಿಯ ಮೇಲಿನ ಸಂಸಾರ

ಚರಿತ್ರೆಯ ತರಗತಿಯಲ್ಲಿ ಮೆಗಲನ್ನನ ಸಮುದ್ರಯಾನವನ್ನು ಪಾಠ ಮಾಡಿದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. 1519ರಲ್ಲಿ ಐದು ಹಡಗುಗಳು ಹೊರಟದ್ದು, 1522ರಲ್ಲಿ ಒಂದೇ ಹಡಗು ಹದಿನೆಂಟು ಜನರನ್ನು ಹೊತ್ತು ಸ್ಪೇನಿಗೆ ಮರಳಿದ್ದು, ಮೆಗಲನ್ನನೇ ನಡುದಾರಿಯಲ್ಲಿ ಸತ್ತದ್ದು, ಇವನ್ನೆಲ್ಲ ಮಕ್ಕಳು ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಆದರೆ ಶಾಂತಸಾಗರದ ನಡುವೆ ದವಸ ಮುಗಿದಾಗ ನಾವಿಕರು ಹಡಗಿನ ಮರಕ್ಕೆ ಸುತ್ತಿದ್ದ ತೊಗಲನ್ನು ಬಿಚ್ಚಿ, ಸಮುದ್ರದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಕೆಂಡದ ಮೇಲೆ ಸುಟ್ಟು ತಿಂದರು ಎಂಬುದನ್ನು ಮಾತ್ರ ಎಷ್ಟು ವರ್ಷ ಕಳೆದರೂ ಮರೆಯುವುದಿಲ್ಲ. ಪಾಠ ಮುಗಿಸಿ ಪ್ರಶ್ನೆ ಕೇಳಿ ಎಂದರೆ ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆಗಳೂ ಅಂಥವೇ. ಅವರು ಎಲ್ಲಿ ಮಲಗುತ್ತಿದ್ದರು? ಬಟ್ಟೆ ಒಗೆಯುತ್ತಿದ್ದರೆ? ಕಾಯಿಲೆಯಾದರೆ ಏನು ಮಾಡುತ್ತಿದ್ದರು?

ಇವು ಚಿಲ್ಲರೆ ಪ್ರಶ್ನೆಗಳೆಂದು ನಾವು ನಕ್ಕು ಮುಂದಿನ ಪಾಠಕ್ಕೆ ಹೋಗುವುದುಂಟು. ಯೋಚಿಸಿ ನೋಡಿದರೆ, ದೂರದ ಪ್ರಯಾಣವೊಂದನ್ನು ನಡೆಸಿದ್ದು ಈ ಚಿಲ್ಲರೆ ಸಂಗತಿಗಳೇ. ಹೊರಟ ದಿನ, ತಲುಪಿದ ದಿನ ಎರಡೇ ದಿನಗಳು. ನಡುವಿನ ನೂರಾರು ದಿನಗಳಲ್ಲಿ ಪ್ರತಿದಿನವೂ ಯಾರೋ ಬೆಂಕಿ ಹೊತ್ತಿಸಬೇಕು, ನೀರು ತರಬೇಕು, ಹಾಸಿಗೆ ಬಿಡಿಸಬೇಕು, ಮತ್ತೆ ಸುತ್ತಬೇಕು. ಮನೆಯಲ್ಲಿ ಹೆಂಗಸರು ದಿನವೂ ಮಾಡುವ, ಯಾರೂ ಲೆಕ್ಕ ಇಡದ ಕೆಲಸದ ಜಾತಿಗೇ ಇದೂ ಸೇರಿದ್ದು. ಈ ಮಾತನ್ನು ನನಗೆ ಚೆನ್ನಾಗಿ ಮನವರಿಕೆ ಮಾಡಿಕೊಟ್ಟದ್ದು ಮೋಟಾರು ಕಾರಿನಲ್ಲಿ ಭೂಪ್ರದಕ್ಷಿಣೆ ಮಾಡಿದ ಒಬ್ಬ ಜರ್ಮನ್ ಹೆಣ್ಣುಮಗಳ ಕಥೆ. ಅವಳ ಹೆಸರು ಕ್ಲೆರೆನೋರ್ ಸ್ಟಿನ್ನೆಸ್.

ಕ್ಲೆರೆನೋರ್ ಹುಟ್ಟಿದ್ದು 1901ರ ಜನವರಿ 21ರಂದು, ಜರ್ಮನಿಯ ರೂರ್ ನದಿಯ ದಂಡೆಯ ಮ್ಯೂಲ್ಹೈಮ್ ಪಟ್ಟಣದಲ್ಲಿ. ತಂದೆ ಹ್ಯೂಗೊ ಸ್ಟಿನ್ನೆಸ್ ಆ ದೇಶದ ಅತಿ ದೊಡ್ಡ ಉದ್ಯಮಿಗಳಲ್ಲೊಬ್ಬ. ಕಲ್ಲಿದ್ದಲು, ಉಕ್ಕು, ವಿದ್ಯುತ್ತು, ಹಡಗು, ಪತ್ರಿಕೆ ಹೀಗೆ ಅವನು ಕೈಹಾಕದ ವ್ಯಾಪಾರವೇ ಇರಲಿಲ್ಲವೆನ್ನಬಹುದು. ಏಳು ಮಕ್ಕಳಲ್ಲಿ ಮೂರನೆಯವಳಾದ ಕ್ಲೆರೆನೋರ್‌ಗೆ ತಂದೆಯ ವ್ಯವಹಾರದಲ್ಲಿ ಆಸಕ್ತಿಯೂ ಇತ್ತು, ಅದಕ್ಕೆ ಬೇಕಾದ ಚುರುಕೂ ಇತ್ತು. ಆದರೆ 1924ರಲ್ಲಿ ತಂದೆ ತೀರಿಕೊಂಡಾಗ ಆಸ್ತಿಯ ಆಡಳಿತ ತಾಯಿ ಮತ್ತು ಅಣ್ಣಂದಿರ ಕೈಗೆ ಹೋಯಿತು. ಹೆಣ್ಣುಮಗಳಿಗೆ ಕಾರ್ಖಾನೆಯಲ್ಲಿ ಏನು ಕೆಲಸ ಎಂಬ ನ್ಯಾಯ ನಮ್ಮಲ್ಲಿ ಮಾತ್ರ ಇದ್ದುದಲ್ಲ.

ಅವಳು ಮೋಟಾರು ಪಂದ್ಯಗಳತ್ತ ತಿರುಗಿದಳು. 1925ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಮನೆತನದ ಹೆಸರು ಬೇಡವೆಂದು ಬೇರೊಂದು ಹೆಸರಿನಲ್ಲಿ ಸ್ಪರ್ಧೆಗೆ ಇಳಿದಳು. ಅದೇ ವರ್ಷ ರಷ್ಯದಲ್ಲಿ ನಡೆದ ದೂರದೋಟದ ಸ್ಪರ್ಧೆಯಲ್ಲಿ ಗಂಡಸರೊಡನೆ ಸೆಣಸಿ ಗೆದ್ದಳು. 1927ರ ಹೊತ್ತಿಗೆ ಹದಿನೇಳು ಪಂದ್ಯಗಳನ್ನು ಗೆದ್ದಾಗಿತ್ತು. ಆಗ ಅವಳಿಗೆ ಕಾರಿನಲ್ಲಿ ಪ್ರಪಂಚ ಸುತ್ತಬೇಕೆಂಬ ಮನಸ್ಸು ಬಂತು. ಮನೆಯವರು ಒಂದು ಕಾಸನ್ನೂ ಕೊಡಲಿಲ್ಲ. ಅವಳು ಕಾರು ತಯಾರಿಸುವವರು, ಬಿಡಿಭಾಗ ತಯಾರಿಸುವವರು, ಪೆಟ್ರೋಲ್ ಮಾರುವವರು ಹೀಗೆ ಒಬ್ಬೊಬ್ಬರ ಬಾಗಿಲನ್ನೂ ತಟ್ಟಿ ಒಂದು ಲಕ್ಷ ಮಾರ್ಕುಗಳನ್ನು ಕೂಡಿಸಿದಳು. ಜರ್ಮನ್ ಸಾಮಾನಿನ ಗಟ್ಟಿತನವನ್ನು ಜಗತ್ತಿಗೆ ತೋರಿಸುವ ಜಾಹೀರಾತು ಎಂಬ ಲೆಕ್ಕದಲ್ಲಿ ಅವರು ಹಣ ಕೊಟ್ಟರು. ವಿದೇಶಾಂಗ ಖಾತೆಯವರು ರಹದಾರಿಯ ಕಾಗದಪತ್ರಗಳಿಗೂ, ದಾರಿಯಲ್ಲಿ ಪೆಟ್ರೋಲ್ ಸಂಗ್ರಹಕ್ಕೂ ನೆರವಾದರು.

1927ರ ಮೇ 25ರಂದು ಫ್ರಾಂಕ್‌ಫರ್ಟ್‌ನಿಂದ ಹೊರಟದ್ದು ಒಂದು ಆಡ್ಲರ್ ಸ್ಟ್ಯಾಂಡರ್ಡ್ 6 ಕಾರು, ಸಾಮಾನು ತುಂಬಿದ ಒಂದು ಟ್ರಕ್ಕು, ಕ್ಲೆರೆನೋರ್, ಇಬ್ಬರು ಮೆಕ್ಯಾನಿಕ್‌ಗಳು, ಕಾರ್ಲ್ ಆಕ್ಸೆಲ್ ಸೋಡರ್‌ಸ್ಟ್ರಮ್ ಎಂಬ ಸ್ವೀಡನ್ನಿನ ಛಾಯಾಗ್ರಾಹಕ, ಜೊತೆಗೆ ಲಾರ್ಡ್ ಎಂಬ ಒಂದು ನಾಯಿ. ಛಾಯಾಗ್ರಾಹಕನಿಗೂ ಅವಳಿಗೂ ಪರಿಚಯವಾಗಿದ್ದು ಹೊರಡುವುದಕ್ಕೆ ಕೆಲವೇ ದಿನಗಳ ಮೊದಲು. ಕಾರು ಅಂಗಡಿಯಲ್ಲಿ ಯಾರಿಗೂ ಸಿಗುವಂಥದ್ದೇ. ಅದರಲ್ಲಿ ಅವಳು ಮಾಡಿಸಿದ ಮುಖ್ಯ ಬದಲಾವಣೆ ಒಂದೇ: ರಾತ್ರಿ ಮಲಗಲು ಅನುಕೂಲವಾಗುವಂತೆ ಸೀಟುಗಳು ಹಿಂದಕ್ಕೆ ಮಡಚಿಕೊಳ್ಳುತ್ತಿದ್ದವು. ಎಂಜಿನ್ನನ್ನು ಮುಟ್ಟದೆ ಹಾಸಿಗೆಯನ್ನು ಸರಿಮಾಡಿಸಿಕೊಂಡ ಈ ವಿವೇಕ ನನಗೆ ಬಹಳ ಮೆಚ್ಚಿಗೆಯಾಯಿತು. ನಿದ್ದೆಗೆಟ್ಟ ಚಾಲಕನಿಗೆ ಎಷ್ಟು ಒಳ್ಳೆಯ ಎಂಜಿನ್ ಇದ್ದರೆ ಏನು ಫಲ?

ಸಾಮಾನಿನ ಪಟ್ಟಿಯಲ್ಲಿ ಬಿಡಿಭಾಗ, ಟೈರು, ಹಗ್ಗ, ಸಲಿಕೆಗಳ ಜೊತೆ ಮೂರು ಪಿಸ್ತೂಲುಗಳೂ, ಮೂರು ಸಂಜೆಯುಡುಪುಗಳೂ, ನೂರಕ್ಕೂ ಹೆಚ್ಚು ಬೇಯಿಸಿದ ಮೊಟ್ಟೆಗಳೂ ಇದ್ದವು. ಆ ಪಟ್ಟಿಯನ್ನು ಓದಿದವರು ಮೊದಲು ನಗುತ್ತಾರೆ. ಆದರೆ ಒಂದೊಂದಕ್ಕೂ ಕಾರಣವಿದೆ. ಕಳ್ಳಕಾಕರ ಭಯಕ್ಕೆ ಪಿಸ್ತೂಲು. ರಾಜಧಾನಿಗಳಲ್ಲಿ ರಾಯಭಾರಿಗಳ ಮನೆಯ ಔತಣಕ್ಕೆ ಸಂಜೆಯುಡುಪು, ಏಕೆಂದರೆ ಮುಂದಿನ ದೇಶದ ಅಪ್ಪಣೆ ಸಿಗುವುದು ಆ ಮೇಜಿನ ಸುತ್ತಲೇ. ಮೊಟ್ಟೆ ಮೊದಲ ದಿನಗಳ ಬುತ್ತಿ. ಕಾಶಿಗೆ ಹೊರಟ ನಮ್ಮ ಅಜ್ಜಿಯರು ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಉಪ್ಪಿನಕಾಯಿಯ ಭರಣಿ ಕಟ್ಟಿಕೊಂಡದ್ದೂ ಇದೇ ತಿಳಿವಳಿಕೆಯಿಂದ. ಒಲೆ ಹೂಡಲಾಗದ ಕಡೆ ಕೈಗೆತ್ತಿಕೊಂಡು ತಿನ್ನುವಂತಿರಬೇಕು, ಬೇಗ ಕೆಡಬಾರದು, ಪಾತ್ರೆ ತೊಳೆಯುವ ಕೆಲಸ ಇರಬಾರದು.

ಮೋಟಾರು ಕಾರಿನ ಮೊಟ್ಟಮೊದಲ ದೂರಪ್ರಯಾಣವನ್ನು ಮಾಡಿದವಳೂ ಹೆಂಗಸೇ ಎಂಬುದನ್ನು ಇಲ್ಲಿ ನೆನೆಯಬೇಕು. 1888ರ ಆಗಸ್ಟ್ ತಿಂಗಳಲ್ಲಿ ಬರ್ತಾ ಬೆನ್ಜ್ ಎಂಬಾಕೆ ಗಂಡ ಕಾರ್ಲ್ ಬೆನ್ಜ್ ತಯಾರಿಸಿದ ಮೂರು ಗಾಲಿಯ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತನ್ನ ತವರು ಫೋರ್ಜ್‌ಹೈಮ್‌ಗೆ ನೂರು ಕಿಲೋಮೀಟರಿನಷ್ಟು ದೂರ ಹೋದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ತಂತಿಯೊಂದು ಸವೆದು ಕಿಡಿ ಹಾರತೊಡಗಿದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ವೀಸ್‌ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ದ್ರಾವಣವನ್ನು ಕೊಂಡು ಇಂಧನವಾಗಿ ಸುರಿದಳು. ಕೈಗೆ ಸಿಕ್ಕ ಮನೆವಸ್ತುವಿನಿಂದ ಕೆಲಸ ಸಾಗಿಸುವ ಅಭ್ಯಾಸ ಅಲ್ಲಿ ಯಂತ್ರವನ್ನು ನಡೆಸಿತು. ನಲವತ್ತು ವರ್ಷಗಳ ಮೇಲೆ ಕ್ಲೆರೆನೋರ್ ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಬೇಕಾಯಿತು.

ಬಾಲ್ಕನ್ ದೇಶಗಳನ್ನು ದಾಟಿ, ತುರ್ಕಿಯ ಮೂಲಕ ಬೈರೂತ್, ಡಮಾಸ್ಕಸ್, ಬಾಗ್ದಾದ್, ತೆಹರಾನ್ ಮಾರ್ಗವಾಗಿ ಅವರು ಸಾಗಿದರು. ಡಮಾಸ್ಕಸ್ಸಿನಿಂದ ಬಾಗ್ದಾದಿಗೆ ಹೋಗುವ ಮರುಭೂಮಿಯಲ್ಲಿ 1923ರಿಂದ ನೇರ್ನ್ ಎಂಬ ಹೆಸರಿನ ಅಣ್ಣತಮ್ಮಂದಿರು ಪ್ರಯಾಣಿಕರ ಕಾರುಗಳನ್ನು ಓಡಿಸುತ್ತಿದ್ದರು. ಆದರೂ ಅದು ನಾವು ತಿಳಿದಂಥ ರಸ್ತೆಯಲ್ಲ. ಮುಂದೆ ಹೋದ ಗಾಡಿಯ ಗಾಲಿಯ ಗುರುತೇ ದಾರಿ. ಜೂನ್, ಜುಲೈ ತಿಂಗಳ ಬಿಸಿಲಿನಲ್ಲಿ ಲೋಹವನ್ನು ಕೈಯಿಂದ ಮುಟ್ಟಲಾಗದು. ರೇಡಿಯೇಟರಿನ ನೀರು ಕುದಿದು ಆವಿಯಾಗುತ್ತದೆ. ಆಗ ಇರುವ ನೀರನ್ನು ಮನುಷ್ಯರು ಕುಡಿಯಬೇಕೋ ಕಾರಿಗೆ ಕುಡಿಸಬೇಕೋ ಎಂಬ ಪ್ರಶ್ನೆ ದಿನವೂ ಏಳುತ್ತದೆ. ದನಕರುಗಳಿಗೆ ನೀರು ಕುಡಿಸಿ ಆಮೇಲೆ ತಾನು ಕುಡಿಯುವ ನಮ್ಮ ಬಯಲುಸೀಮೆಯ ರೈತನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಮೋಟಾರು ಪ್ರಯಾಣಿಕರ ದಿನ ಶುರುವಾಗುತ್ತಿದ್ದುದು ಗಾಡಿಯ ಸೇವೆಯಿಂದ. ಎಣ್ಣೆ ನೋಡಬೇಕು, ಕೀಲುಗಳಿಗೆ ಗ್ರೀಸು ಹಾಕಬೇಕು, ಸಡಿಲವಾದ ತಿರುಪುಗಳನ್ನು ಒಂದೊಂದಾಗಿ ಬಿಗಿಯಬೇಕು. ಡಬ್ಬಗಳಲ್ಲಿ ತಂದ ಪೆಟ್ರೋಲಿನಲ್ಲಿ ನೀರೂ ಕಸವೂ ಸೇರಿರುತ್ತಿದ್ದುದರಿಂದ ಅದನ್ನು ತೆಳುವಾದ ತೊಗಲಿನಲ್ಲಿ ಸೋಸಿ ಟ್ಯಾಂಕಿಗೆ ಹಾಕಬೇಕು. ನಾವು ಹಾಲು ಸೋಸುವಂತೆ. ಕುದುರೆಯ ಲಾಳದಿಂದ ಉದುರಿದ ಮೊಳೆಗಳು ದಾರಿಯಲ್ಲೆಲ್ಲ ಬಿದ್ದಿರುತ್ತಿದ್ದವು. ಟೈರು ತೂತಾದರೆ ಕಳಚಿ, ಟ್ಯೂಬಿಗೆ ತೇಪೆ ಹಚ್ಚಿ, ಕೈಪಂಪಿನಿಂದ ಗಾಳಿ ತುಂಬಬೇಕು. ಸಂಜೆ ನೆಲ ಹುಡುಕಿ ಬೀಡುಬಿಡುವ ಹೊತ್ತಿಗೆ ಹಸಿವಿಗಿಂತ ಆಯಾಸವೇ ಹೆಚ್ಚು. ಸೋಡರ್‌ಸ್ಟ್ರಮ್ ಆ ಹೊತ್ತಿನಲ್ಲೂ ದಿನಚರಿ ಬರೆಯುತ್ತಿದ್ದ, ಕ್ಯಾಮೆರಾ ಒರೆಸಿಡುತ್ತಿದ್ದ.

ಕಾಕಸಸ್ ಪ್ರದೇಶವನ್ನು ದಾಟಿ ಮಾಸ್ಕೋ ಸೇರಿದ ಮೇಲೆ ಕಷ್ಟದ ಸ್ವರೂಪ ಬದಲಾಯಿತು. ರಷ್ಯದ ಹಳ್ಳಿದಾರಿಗಳು ಶರತ್ಕಾಲದ ಮಳೆಯಲ್ಲಿ ಹೊಂಡಗಳಾಗುತ್ತವೆ. ಕೆಸರಿನಲ್ಲಿ ಹೂತ ಗಾಡಿಗೆ ಹೆಗಲು ಕೊಟ್ಟವರಿಗೆ ಆ ಕಷ್ಟ ಗೊತ್ತು. ಒಂದು ಗಾಲಿ ಎದ್ದಿತೆನ್ನುವಾಗ ಇನ್ನೊಂದು ಇಳಿಯುತ್ತದೆ. ಅಂಥ ಕಡೆ ಕೆಲಸಕ್ಕೆ ಬರುತ್ತಿದ್ದುದು ಪಕ್ಕದ ಹಳ್ಳಿಯ ಕುದುರೆಗಳು, ಎತ್ತುಗಳು ಮತ್ತು ಅವುಗಳ ಒಡೆಯರು. ಮೆಕ್ಯಾನಿಕ್‌ಗಳಿಬ್ಬರೂ ಈ ಪ್ರಯಾಣದ ನಡುವೆ ಒಬ್ಬರ ಹಿಂದೊಬ್ಬರು ಬಿಟ್ಟುಹೋದರು. ಅವರನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಸಂಬಳದ ಕೆಲಸವಿದ್ದವರು ಎಷ್ಟು ದಿನ ಕೆಸರಿನಲ್ಲಿ ಮಲಗಿಯಾರು? ಕೊನೆಗೆ ಉಳಿದವರು ಕ್ಲೆರೆನೋರ್ ಮತ್ತು ಸೋಡರ್‌ಸ್ಟ್ರಮ್. ಚಿತ್ರ ತೆಗೆಯಲು ಬಂದವನು ಗಾಡಿ ರಿಪೇರಿಯನ್ನೂ ಕಲಿಯಬೇಕಾಯಿತು.

ಉರಾಲ್ ಪರ್ವತದ ಆಚೆ ಸೈಬೀರಿಯ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ನಲವತ್ತು, ಐವತ್ತು ಡಿಗ್ರಿ ಕೆಳಗಿಳಿಯುವ ನಾಡು. ಅಲ್ಲಿ ರಾತ್ರಿ ಕಾರು ನಿಲ್ಲಿಸಿದ ಕೂಡಲೇ ರೇಡಿಯೇಟರಿನ ನೀರನ್ನು ಬಸಿದುಬಿಡಬೇಕು. ಮರೆತರೆ ನೀರು ಗಡ್ಡೆಕಟ್ಟಿ ಲೋಹವನ್ನೇ ಸೀಳುತ್ತದೆ. ಎಂಜಿನ್ನಿನ ಎಣ್ಣೆ ಬೆಲ್ಲದ ಪಾಕಕ್ಕಿಂತ ಗಟ್ಟಿಯಾಗುತ್ತದೆ. ಬೆಳಿಗ್ಗೆ ಹಿಮವನ್ನು ಕರಗಿಸಿ ನೀರು ಕಾಯಿಸಬೇಕು, ಎಣ್ಣೆಯನ್ನು ಬೆಂಕಿಯ ಮೇಲಿಟ್ಟು ಬಿಸಿಮಾಡಬೇಕು, ಎಂಜಿನ್ನಿನ ಕೆಳಗೂ ಶಾಖ ಕೊಡಬೇಕು. ಆಮೇಲೆ ಹಿಡಿಕೆ ತಿರುಗಿಸಿ ತಿರುಗಿಸಿ ಎಬ್ಬಿಸಬೇಕು. ಕೈಗವಸು ತೆಗೆದು ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದರೆ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ಬ್ರೆಡ್ಡನ್ನು ಕೊಡಲಿಯಿಂದ ಕಡಿಯುವಂಥ ಚಳಿ. ಬಾಣಂತಿಯನ್ನೂ ಹಸುಗೂಸನ್ನೂ ಬೆಚ್ಚಗಿಡುವಷ್ಟು ಎಚ್ಚರದಿಂದ ಒಂದು ಯಂತ್ರವನ್ನು ಬೆಚ್ಚಗಿಡಬೇಕಾಗಿತ್ತು.

ಬೈಕಲ್ ಸರೋವರದ ದಂಡೆಗೆ ಬಂದಾಗ ಕಾಯುವ ಕೆಲಸ ಎದುರಾಯಿತು. 636 ಕಿಲೋಮೀಟರು ಉದ್ದ, 1,600 ಮೀಟರಿಗೂ ಮೀರಿದ ಆಳ. ಪ್ರಪಂಚದಲ್ಲಿ ಇದಕ್ಕಿಂತ ಆಳವಾದ ಸರೋವರವಿಲ್ಲ. ಇಷ್ಟು ದೊಡ್ಡ ನೀರು ಹೆಪ್ಪುಗಟ್ಟಲು ಜನವರಿ ಬರಬೇಕು. 1904ರಲ್ಲಿ ಜಪಾನಿನ ಮೇಲಿನ ಯುದ್ಧಕ್ಕೆ ಸೈನ್ಯ ಕಳಿಸುವ ಅವಸರದಲ್ಲಿ ರಷ್ಯದವರು ಇದೇ ಮಂಜಿನ ಮೇಲೆ ರೈಲು ಹಳಿ ಹಾಸಿ ಕುದುರೆಗಳಿಂದ ಡಬ್ಬಿಗಳನ್ನು ಎಳೆಸಿದ್ದರು. ಆದ್ದರಿಂದ ಮಂಜು ಭಾರ ಹೊರುತ್ತದೆಂಬುದು ಅಲ್ಲಿನವರಿಗೆ ಗೊತ್ತಿತ್ತು. ಎಲ್ಲಿ, ಯಾವಾಗ ಹೊರುತ್ತದೆಂಬುದೂ ಅವರಿಗೇ ಗೊತ್ತು. ಜರ್ಮನಿಯ ನಕ್ಷೆಯಲ್ಲಿ ಅದು ಬರೆದಿರುವುದಿಲ್ಲ. ಇರ್ಕುಟ್ಸ್ಕ್ ಪ್ರಾಂತದಲ್ಲಿ ವಾರಗಟ್ಟಲೆ ಕಾದು, 1928ರ ಆರಂಭದಲ್ಲಿ ಅವರು ಕಾರನ್ನು ಸರೋವರದ ಮೇಲೆ ಇಳಿಸಿದರು. ಬಿರುಕುಗಳು ಸಿಡಿಲಿನಂಥ ಸದ್ದಿನೊಡನೆ ಬಾಯಿ ಬಿಡುವ ಆ ಮಂಜಿನ ಮೇಲೆ ಕಾರು ಆಚೆ ದಡ ಸೇರಿತು. ಚರಿತ್ರೆ ನೆನಪಿಡುವುದು ಈ ದಾಟುವಿಕೆಯನ್ನು. ಅದಕ್ಕೆ ಮುಂಚಿನ ವಾರಗಳ ಕಾಯುವಿಕೆ, ದಿನವೂ ಸೌದೆ ಒಟ್ಟುವುದು, ಒದ್ದೆ ಬಟ್ಟೆ ಒಣಗಿಸುವುದು, ಹರಕು ಹೊಲಿಯುವುದು, ಒಂದು ಗೂಡಿನೊಳಗೆ ಇಬ್ಬರು ಜಗಳವಾಡದೆ ಇರುವುದು, ಇದಕ್ಕೂ ಧೈರ್ಯವೇ ಬೇಕು.

ಮಂಗೋಲಿಯ, ಗೋಬಿ ಮರುಭೂಮಿ ದಾಟಿ ಆಗಿನ ಪೀಕಿಂಗ್ ತಲುಪಿದಾಗ ಚೀನದಲ್ಲಿ ಅಂತರ್ಯುದ್ಧ ನಡೆದಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ರಾಷ್ಟ್ರೀಯವಾದಿಗಳ ಸೈನ್ಯ ಆ ನಗರವನ್ನು ಹಿಡಿಯಿತು. ಗೋಬಿಯನ್ನು ಕಾರು ದಾಟಿದ್ದು ಇದೇ ಮೊದಲಲ್ಲ. 1907ರಲ್ಲಿ ಪೀಕಿಂಗಿನಿಂದ ಪ್ಯಾರಿಸ್ಸಿಗೆ ಐದು ಕಾರುಗಳ ಪಂದ್ಯ ನಡೆದು ಇಟಲಿಯ ರಾಜಕುಮಾರ ಬೊರ್ಗೀಸೆ ಗೆದ್ದಿದ್ದ. ಆ ಪಂದ್ಯಕ್ಕೆ ಬೇಕಾದ ಪೆಟ್ರೋಲನ್ನು ಗೋಬಿಯೊಳಕ್ಕೆ ಮೊದಲೇ ಸಾಗಿಸಿದ್ದು ಒಂಟೆಗಳು. ಪೀಕಿಂಗಿನ ಉತ್ತರದ ಬೆಟ್ಟಗಳ ಮೇಲೆ ಕಾರುಗಳನ್ನು ಹತ್ತಿಸಿದ್ದು ಹಗ್ಗ ಹಿಡಿದ ಚೀನೀ ಕೂಲಿಗಳು. ರಾಜಕುಮಾರನ ಹೆಸರು ಪುಸ್ತಕಗಳಲ್ಲಿದೆ. ಹಗ್ಗ ಹಿಡಿದವರ ಹೆಸರು ಇಲ್ಲ.

ಕ್ಲೆರೆನೋರ್‌ಳ ಪ್ರಯಾಣದಲ್ಲಿ ಈ ಹಗ್ಗ ಮತ್ತೆ ಕಾಣುವುದು ದಕ್ಷಿಣ ಅಮೆರಿಕದಲ್ಲಿ. ಜಪಾನ್, ಹವಾಯಿ ದಾರಿಯಾಗಿ ಹಡಗಿನಲ್ಲಿ ಶಾಂತಸಾಗರವನ್ನು ದಾಟಿ ಅವರು ಪೆರು ದೇಶಕ್ಕೆ ಬಂದರು. ಅಲ್ಲಿಂದ ಆಂಡೀಸ್ ಪರ್ವತಗಳನ್ನು ಹತ್ತಿ ಬೊಲಿವಿಯ, ಮುಂದೆ ಅರ್ಜೆಂಟೈನ, ಮತ್ತೆ ಪರ್ವತ ದಾಟಿ ಚಿಲಿ. ಇಡೀ ಪ್ರಯಾಣದಲ್ಲಿ ಅತಿ ಕಠಿಣವಾದ ಭಾಗ ಇದು. ಪೆರುವಿನ ಕರಾವಳಿ ಒಣ ಮರಳುಗಾಡು. ಅದರ ಹಿಂದೆ ಗೋಡೆಯಂತೆ ನಿಂತ ಬೆಟ್ಟಗಳು. ಕೆಲವು ಕಡೆ ರಸ್ತೆಯೇ ಇರಲಿಲ್ಲ. ಬಂಡೆಗಳನ್ನು ಡೈನಮೈಟಿನಿಂದ ಸಿಡಿಸಿ, ಕಲ್ಲು ಸರಿಸಿ, ರಾಟೆ ಹಗ್ಗ ಕಟ್ಟಿ ಕಾರನ್ನು ಮೇಲಕ್ಕೆ ಎಳೆಯಬೇಕಾಯಿತು. ಒಂದು ದಿನದ ದುಡಿಮೆಗೆ ಸಿಗುತ್ತಿದ್ದ ದೂರ ತೀರ ಕಡಿಮೆ. ಗಾಳಿ ತೆಳುವಾದ ಆ ಎತ್ತರದಲ್ಲಿ ಎಂಜಿನ್ನಿಗೂ ಉಸಿರಾಟ ಕಷ್ಟ, ಮನುಷ್ಯರಿಗೂ ಕಷ್ಟ. ಆದರೆ ಅಲ್ಲಿನ ಗಾಳಿಯಲ್ಲೇ ಹುಟ್ಟಿ ಬೆಳೆದ ಬೆಟ್ಟದ ಜನ ಹಗ್ಗಕ್ಕೆ ಕೈಹಾಕಿದರು. ಸೋಡರ್‌ಸ್ಟ್ರಮ್ ತೆಗೆದ ಚಲನಚಿತ್ರದಲ್ಲಿ ಅವರು ಸಾಲಾಗಿ ನಿಂತು ಎಳೆಯುವುದು ಕಾಣುತ್ತದೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಜರ್ಮನ್ ಕಾರಿನ ಗಟ್ಟಿತನವನ್ನು ತೋರಿಸಲು ಹೊರಟ ಪ್ರಯಾಣ ಇದು. ಕಾರು ಗಟ್ಟಿಯಾಗಿತ್ತು, ನಿಜ. ಆದರೆ ಕಾರು ತನ್ನ ಬಲದಿಂದ ಹತ್ತಲಾರದ ಕಡೆಗಳಲ್ಲಿ ಅದನ್ನು ಹತ್ತಿಸಿದ್ದು ಕಾರನ್ನು ಎಂದೂ ಕೊಳ್ಳಲಾರದ ಜನ. ಅವರಿಗೆ ಕೂಲಿ ಸಿಕ್ಕಿರಬಹುದು. ಪ್ರಪಂಚ ಸುತ್ತಿದವರ ಪಟ್ಟಿಯಲ್ಲಿ ಸ್ಥಳ ಸಿಗಲಿಲ್ಲ. ಕ್ಲೆರೆನೋರ್ ಹೆಣ್ಣೆಂಬ ಕಾರಣಕ್ಕೆ ತನ್ನ ಮನೆಯ ಲೆಕ್ಕಪುಸ್ತಕದಿಂದ ಹೊರಗುಳಿದವಳು. ಅವಳ ಸಾಹಸದ ಲೆಕ್ಕಪುಸ್ತಕದಿಂದ ಈ ಜನ ಹೊರಗುಳಿದರು. ಅವಳ ಹೆಗ್ಗಳಿಕೆಯನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಶ್ರೀಮಂತರ ಮನೆಯಲ್ಲಿ ಹುಟ್ಟಿಯೂ ಎರಡು ವರ್ಷ ಗ್ರೀಸು ಮೆತ್ತಿದ ಕೈಯಲ್ಲಿ ಊಟ ಮಾಡಿದವಳು ಅವಳು. ಹಗ್ಗದ ಒಂದು ತುದಿ ಅವಳ ಕೈಯಲ್ಲಿದ್ದುದನ್ನು ಹೇಳುವಾಗ ಇನ್ನೊಂದು ತುದಿ ಯಾರ ಕೈಯಲ್ಲಿತ್ತೆಂದೂ ಹೇಳಬೇಕು, ಅಷ್ಟೆ.

ಚಿಲಿಯಿಂದ ಮತ್ತೆ ಹಡಗೇರಿ ಉತ್ತರ ಅಮೆರಿಕಕ್ಕೆ ಬಂದರು. ಅಲ್ಲಿ ಒಳ್ಳೆಯ ರಸ್ತೆ, ಬೇಕೆಂದಲ್ಲಿ ಪೆಟ್ರೋಲು, ಹೋಟೆಲಿನ ಹಾಸಿಗೆ. ಡೆಟ್ರಾಯಿಟ್‌ನಲ್ಲಿ ಹೆನ್ರಿ ಫೋರ್ಡ್, ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಹೂವರ್ ಅವಳನ್ನು ಬರಮಾಡಿಕೊಂಡರು. ಪೆಟ್ಟಿಗೆಯ ತಳದ ಸಂಜೆಯುಡುಪುಗಳು ಇಂಥ ಕಡೆಗೇ ಬೇಕಾದವು. ಅಟ್ಲಾಂಟಿಕ್ ದಾಟಿ ಫ್ರಾನ್ಸಿಗೆ ಬಂದು, 1929ರ ಜೂನ್ 24ರಂದು ಅವರು ಬರ್ಲಿನ್ ಸೇರಿದರು. ಎರಡು ವರ್ಷ ಒಂದು ತಿಂಗಳು, 46,758 ಕಿಲೋಮೀಟರು. ಕಾರಿನಲ್ಲಿ ಪ್ರಪಂಚವನ್ನು ಸುತ್ತಿದ ಮೊದಲ ಮಹಿಳೆ ಎಂದು ಪತ್ರಿಕೆಗಳು ಬರೆದವು. ಅವಳು ಬರೆದ ಪುಸ್ತಕ ಅದೇ ವರ್ಷ ಬಂತು. 1931ರಲ್ಲಿ ಸೋಡರ್‌ಸ್ಟ್ರಮ್‌ನ ಚಲನಚಿತ್ರ ತೆರೆಕಂಡಿತು.

ಮುಂದಿನ ಕಥೆ ಚಿಕ್ಕದು. ಸೋಡರ್‌ಸ್ಟ್ರಮ್ ಮೊದಲಿನ ಮದುವೆಯಿಂದ ಬಿಡುಗಡೆ ಪಡೆದ ಮೇಲೆ 1930ರ ಡಿಸೆಂಬರಿನಲ್ಲಿ ಅವರಿಬ್ಬರೂ ಮದುವೆಯಾದರು. ಸ್ವೀಡನ್ನಿನಲ್ಲಿ ಜಮೀನು ಮಾಡಿಕೊಂಡು, ಮೂವರು ಮಕ್ಕಳನ್ನೂ ಕೆಲವು ಸಾಕುಮಕ್ಕಳನ್ನೂ ಬೆಳೆಸಿದರು. ಪಂದ್ಯ, ಪ್ರಯಾಣ ಮತ್ತೆ ಇಲ್ಲ. ಅಷ್ಟು ದೊಡ್ಡ ಸಾಹಸ ಮಾಡಿದವಳು ಕೊನೆಗೆ ಸಂಸಾರಕ್ಕೇ ಬಂದಳಲ್ಲ ಎಂದು ಕೆಲವರಿಗೆ ನಿರಾಸೆಯಾಗಬಹುದು. ನನಗೆ ಹಾಗೆನಿಸಲಿಲ್ಲ. ಬೆಂಕಿ ಹೊತ್ತಿಸಿ, ನೀರು ಕಾಯಿಸಿ, ಇದ್ದುದರಲ್ಲಿ ಹಂಚಿ ತಿಂದು, ಬೇಸರದ ದಿನವೂ ಒಬ್ಬರನ್ನೊಬ್ಬರು ಸಹಿಸಿ ಬಾಳುವುದನ್ನು ಅವರು ಎರಡು ವರ್ಷ ದಾರಿಯ ಮೇಲೇ ಮಾಡಿದ್ದರು. ಸಂಸಾರ ಅವರಿಗೆ ಹೊಸದಾಗಿ ಸಿಕ್ಕಿದ್ದಲ್ಲ, ಊರೊಂದರಲ್ಲಿ ನೆಲೆಗೊಂಡಿತು. ಕ್ಲೆರೆನೋರ್ 1990ರ ಸೆಪ್ಟೆಂಬರಿನಲ್ಲಿ ಎಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಮರೆತೇಹೋಗಿದ್ದ ಅವಳ ಹೆಸರನ್ನು 2009ರಲ್ಲಿ ಬಂದ ಒಂದು ಜರ್ಮನ್ ಚಿತ್ರ ಜನರಿಗೆ ಮತ್ತೆ ನೆನಪಿಸಿತು.

ಈ ಪ್ರಯಾಣವನ್ನು ಮಕ್ಕಳಿಗೆ ಹೇಳುವಾಗ ನಾನು ಕಿಲೋಮೀಟರಿನಿಂದ ಆರಂಭಿಸುವುದಿಲ್ಲ. ಮೊಟ್ಟೆಯಿಂದ, ಮಡಚುವ ಸೀಟಿನಿಂದ, ರಾತ್ರಿ ಬಸಿದ ನೀರಿನಿಂದ ಆರಂಭಿಸುತ್ತೇನೆ. ಆಮೇಲೆ ನಕ್ಷೆ ಬಿಡಿಸಿ ಬೈಕಲ್ ಎಲ್ಲಿದೆ, ಆಂಡೀಸ್ ಎಲ್ಲಿದೆ ತೋರಿಸಿ ಎಂದರೆ ತಾವಾಗಿ ಹುಡುಕುತ್ತಾರೆ. ಸೈಬೀರಿಯದ ಚಳಿ ಏಕೆ ಅಷ್ಟು, ಪೆರುವಿನ ಕರಾವಳಿಯಲ್ಲಿ ಮಳೆ ಏಕಿಲ್ಲ ಎಂಬ ಭೂಗೋಳದ ಪ್ರಶ್ನೆಗಳು ಅವರ ಬಾಯಿಂದಲೇ ಬರುತ್ತವೆ. ಆ ಹಗ್ಗ ಎಳೆದವರ ಹೆಸರೇನು ಎಂದು ಒಂದು ಮಗು ಕೇಳಿದರೆ ಅದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಆ ಪ್ರಶ್ನೆಯೂ ಪಾಠದಲ್ಲಿ ಸೇರಲಿ ಎಂದೇ ನಾನು ಬಯಸುತ್ತೇನೆ.